ಗ್ಯಾರೇಜಿನ ವಿಶ್ವಕರ್ಮ

ಅಮೆರಿಕಕ್ಕೆ ಹೋದ ಕನ್ನಡಿಗ ಅಲ್ಲಿಯವನೇ ಆಗಿಬಿಟ್ಟ ಅನ್ನುವುದಕ್ಕೆ ಗ್ರೀನ್ ಕಾರ್ಡ್ ಸಾಕ್ಷಿಯಲ್ಲ. ಅವನ ಗ್ಯಾರೇಜಿಗೆ ಯಾವತ್ತು ಸರ್ಕ್ಯುಲರ್ ಸಾ ಬಂದು ಕೂತಿತೋ ಅವತ್ತೇ ಅವನು ನಮ್ಮ ಕೈಬಿಟ್ಟ ಎಂದು ತಿಳಿಯಬೇಕು. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯುವುದಕ್ಕೂ ಪಕ್ಕದ ಬೀದಿಯಿಂದ ಜನ ಕರೆಸುತ್ತಿದ್ದ ವಂಶ ಅದು. ತಾತ ಸುತ್ತಿಗೆ ಮುಟ್ಟಲಿಲ್ಲ. ಅಪ್ಪ ಸುತ್ತಿಗೆ ಹಿಡಿದವನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತು ‘ಇನ್ನೊಂಚೂರು ಎಡಕ್ಕೆ’ ಎಂದರು. ಮಗ ಮಾತ್ರ ನ್ಯೂಜೆರ್ಸಿಯಲ್ಲಿ ಶನಿವಾರ ಬೆಳಗ್ಗೆ ಕನ್ನಡಕದ ಮೇಲೊಂದು ಕನ್ನಡಕ ಏರಿಸಿ, ಮೂಗಿಗೆ ಮಾಸ್ಕ್ ಬಿಗಿದು, ಗರಗಸದ ಪ್ಲಗ್ ಸಿಕ್ಕಿಸುತ್ತಾನೆ. ಅಡುಗೆಮನೆಯ ಕಟ್ಟೆ ಬದಲಾಯಿಸಬೇಕು. ತಾನೇ ಬದಲಾಯಿಸಬೇಕು. ಅದೂ ಒಂದು ತಪ್ಪಿಲ್ಲದೆ.

ಮೊದಲ ಎರಡು ಆಸೆ ಮನುಷ್ಯಸಹಜ. ಮೂರನೆಯದನ್ನು ಅವನ ತಲೆಗೆ ತುಂಬಿದ್ದು ಚೌಕಳಿ ಅಂಗಿಯ ವಿಡಿಯೋ ಗುರುಗಳು. ಗುರುಗಳು ಹನ್ನೊಂದು ನಿಮಿಷದಲ್ಲಿ ಹಳೇ ಕಟ್ಟೆ ಕಿತ್ತು ಹೊಸ ಕಟ್ಟೆ ಕೂರಿಸಿ, ಅದರ ಮೇಲೆ ನಿಂಬೆಹಣ್ಣಿನ ಬಟ್ಟಲಿಟ್ಟು ನಗುತ್ತಾರೆ. ಅವರ ಮನೆಯಲ್ಲಿ ಧೂಳು ಏಳುವುದಿಲ್ಲ, ಪೆನ್ಸಿಲ್ ಕಳೆದುಹೋಗುವುದಿಲ್ಲ, ಹೆಂಡತಿ ಮಧ್ಯೆ ಬಂದು ‘ಇವತ್ತು ರಾತ್ರಿ ಅಡುಗೆ ಎಲ್ಲಿ ಮಾಡಲಿ’ ಎಂದು ಕೇಳುವುದಿಲ್ಲ. ಹಲಗೆ ಕೆಟ್ಟರೆ ಎಡಿಟಿಂಗ್ ಟೇಬಲ್ಲಿನಲ್ಲಿ ಸರಿಹೋಗುತ್ತದೆ.

ಕೊಯ್ಯಲು ಹೊರಟಿರುವ ವಸ್ತುವಿನ ಜಾತಕವನ್ನೂ ಒಮ್ಮೆ ನೋಡಿಬಿಡೋಣ. ನಮ್ಮಲ್ಲಿ ಸನ್‌ಮೈಕಾ ಎಂದರೆ ಎಲ್ಲರಿಗೂ ತಿಳಿಯುವ ಲ್ಯಾಮಿನೇಟ್ ಅದು. ಪಿಟ್ಸ್‌ಬರ್ಗ್‌ನ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ವಿದ್ಯುತ್ ಯಂತ್ರಗಳಲ್ಲಿ ಅಭ್ರಕದ ಬದಲಿಗೆ ಬಳಸಲೆಂದು ಇದನ್ನು ರೂಪಿಸಿ, 1913ರಲ್ಲಿ ಸಿನ್ಸಿನಾಟಿಯಲ್ಲಿ ಫಾರ್ಮೈಕಾ ಕಂಪನಿ ತೆರೆದರು. ಎರಡನೆಯ ಮಹಾಯುದ್ಧ ಮುಗಿದು ಅಮೆರಿಕದ ಊರಾಚೆ ಸಾಲುಸಾಲು ಮನೆಗಳು ಎದ್ದಾಗ ಇದು ಮನೆಮನೆಯ ಅಡುಗೆ ಕಟ್ಟೆಯಾಯಿತು. ರೆಸಿನ್ನಿನಲ್ಲಿ ಅದ್ದಿದ ಕಂದು ಕಾಗದದ ಪದರಗಳು, ಅವುಗಳ ಮೇಲೆ ಚಿತ್ರ ಅಚ್ಚಾದ ಇನ್ನೊಂದು ಕಾಗದ, ಮೆಲಮೈನ್ ರೆಸಿನ್ನಿನ ಗಟ್ಟಿ ಮೈ. ಎಲ್ಲವನ್ನೂ ಕಾಯಿಸಿ ಒತ್ತಿದರೆ ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ಹಾಳೆ. ಅದನ್ನು ಮುಕ್ಕಾಲು ಇಂಚಿನ ಪಾರ್ಟಿಕಲ್ ಬೋರ್ಡಿಗೆ ಅಂಟಿಸಿ, ಮುಂದಿನ ಅಂಚನ್ನು ದುಂಡಗೆ ಬಗ್ಗಿಸಿ, ಹಿಂದೆ ನಾಲ್ಕಿಂಚು ಎತ್ತರದ ಗೋಡೆಪಟ್ಟಿ ಎಬ್ಬಿಸಿ, ಎಂಟಡಿ, ಹತ್ತಡಿ, ಹನ್ನೆರಡಡಿ ಲೆಕ್ಕದಲ್ಲಿ ದೊಡ್ಡ ದೊಡ್ಡ ಹಾರ್ಡ್‌ವೇರ್ ಮಳಿಗೆಗಳಲ್ಲಿ ನಿಲ್ಲಿಸಿರುತ್ತಾರೆ.

ನಮ್ಮ ಗೃಹಸ್ಥ ಅದರಲ್ಲಿ ಯಾವ ಚಿತ್ರದ್ದನ್ನು ಆರಿಸುತ್ತಾನೆ? ಗ್ರಾನೈಟಿನ ಚಿತ್ರದ್ದು. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತವೆ. ಕಲ್ಲಿನ ಹಿಂದೆಯೇ ವಿಮಾನ ಹತ್ತಿದ ಮಗ ಅಲ್ಲಿ ಕಲ್ಲಿನ ರೇಟು ಕೇಳಿ ಹೆದರಿ, ಕಲ್ಲಿನ ಫೋಟೋ ಕೊಂಡು ಮನೆಗೆ ಬರುತ್ತಾನೆ. ಊರಿನಲ್ಲಿ ಅಮ್ಮ ರುಬ್ಬಿದ್ದು, ಹೆಚ್ಚಿದ್ದು, ಕುಕ್ಕರ್ ಇಳಿಸಿದ್ದು ಎಲ್ಲ ಅಸಲಿ ಕಲ್ಲಿನ ಮೇಲೆ. ಅದರ ಬೆಲೆ ಆಕೆಗೆ ಗೊತ್ತೇ ಇರಲಿಲ್ಲ.

ಕಲ್ಲು ಬಿಡಿ, ಕೂಲಿಯ ರೇಟೂ ಕಡಿಮೆಯದಲ್ಲ. ಅಲ್ಲಿ ಕೆಲಸದವನು ಗಂಟೆಯ ಲೆಕ್ಕದಲ್ಲಿ ಕೇಳುತ್ತಾನೆ. ಸೋಮವಾರದಿಂದ ಶುಕ್ರವಾರದ ತನಕ ತಾನೂ ಗಂಟೆಯ ಲೆಕ್ಕದಲ್ಲೇ ಬಿಲ್ ಮಾಡುವ ಗೃಹಸ್ಥನಿಗೆ ಇದು ಹಗಲುದರೋಡೆ ಅನ್ನಿಸುತ್ತದೆ. ‘ಅಷ್ಟು ದುಡ್ಡು ಯಾಕೆ ಕೊಡಬೇಕು? ಅದರಲ್ಲಿ ಏನು ಮಹಾ ಇದೆ?’ ಈ ಎರಡು ವಾಕ್ಯಗಳ ಮೇಲೆ ಅಮೆರಿಕದಲ್ಲಿ ಒಂದು ಸಾಮ್ರಾಜ್ಯವೇ ನಿಂತಿದೆ. ಮನೆ ರಿಪೇರಿಯ ಪಾಠ ಹೇಳುವ ‘ದಿಸ್ ಓಲ್ಡ್ ಹೌಸ್’ ಬಾಸ್ಟನ್ನಿನಿಂದ ಟಿ.ವಿ.ಗೆ ಬಂದದ್ದು 1979ರಲ್ಲಿ; ಅದರ ಸಲಕರಣೆ ಮಾರುವ ಹೋಮ್ ಡಿಪೋ ಅಟ್ಲಾಂಟಾದಲ್ಲಿ ಮೊದಲ ಅಂಗಡಿಗಳ ಬಾಗಿಲು ತೆರೆದದ್ದೂ ಅದೇ ವರ್ಷ. ಪುರಾಣ ಹೇಳುವವರೂ ಪೂಜಾ ಸಾಮಗ್ರಿ ಮಾರುವವರೂ ಒಂದೇ ಮುಹೂರ್ತಕ್ಕೆ ಸಿಕ್ಕ ಮೇಲೆ ಭಕ್ತರಿಗೆ ಬರವೇ?

ಸಾಮಗ್ರಿಯ ಪಟ್ಟಿ ಎಂದೂ ಮುಗಿಯುವುದಿಲ್ಲ. ಗರಗಸದ ಜೊತೆ ಬಂದ 24 ಹಲ್ಲಿನ ಬ್ಲೇಡು ಒರಟು ಮರ ಸೀಳಲಿಕ್ಕೆ ಲಾಯಕ್ಕು, ಲ್ಯಾಮಿನೇಟಿಗೆ 60 ಹಲ್ಲಿನದು ಬೇಕು. ಬ್ಲೇಡು ನೇರ ಹೋಗಲು ಗೈಡು ಬೇಕು, ಗೈಡು ಅಲುಗಾಡದಿರಲು ಕ್ಲ್ಯಾಂಪು ಬೇಕು. ಸಿಂಕಿನ ತೂತಿಗೆ ಜಿಗ್ ಸಾ, ಅಂಚು ಉಜ್ಜಲು ಬೆಲ್ಟ್ ಸ್ಯಾಂಡರ್. ಕೂಲಿ ಉಳಿಸಲು ಹೊರಟವನು ಕೂಲಿಯ ದುಡ್ಡನ್ನು ಮಳಿಗೆಯ ಕೌಂಟರಿನಲ್ಲಿ ಎಣಿಸಿ ಕೊಟ್ಟು, ಬೆವರನ್ನು ತನ್ನ ಕಡೆಯಿಂದ ಉಚಿತವಾಗಿ ಸೇರಿಸುತ್ತಾನೆ. ‘ಟೂಲ್ಸ್ ಉಳಿಯತ್ತಲ್ಲ’ ಎಂಬುದು ಅವನ ಸಮಾಧಾನ. ನಿಜ, ಉಳಿಯುತ್ತವೆ. ಮನೆ ಮಾರುವ ತನಕ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಕೊಡದೆ ಉಳಿಯುತ್ತವೆ.

ಈಗ ಕೊಯ್ಯುವ ಸಂಗತಿ. ಇಲ್ಲಿ ಒಂದೇ ಒಂದು ಶಾಸ್ತ್ರವಿದೆ, ಅದು ಹಲ್ಲಿನ ದಿಕ್ಕು. ಗರಗಸದ ಹಲ್ಲು ಹಲಗೆಯೊಳಗೆ ಹೊಗುವ ಮುಖ ಚೊಕ್ಕಟವಾಗಿರುತ್ತದೆ, ಹೊರಗೆ ಬರುವ ಮುಖ ಹರಿಯುತ್ತದೆ. ಸರ್ಕ್ಯುಲರ್ ಸಾದ ಬ್ಲೇಡು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಮಾಮೂಲಿ ಜಿಗ್ ಸಾ ಕೂಡ ಹಾಗೆಯೇ. ಆದ್ದರಿಂದ ಕಟ್ಟೆಯ ಚಂದದ ಮುಖವನ್ನು ಕೆಳಗೆ ಮಾಡಿ, ಬೆನ್ನಿನ ಕಡೆಯಿಂದ ಕೊಯ್ಯಬೇಕು. ಕೈಗರಗಸವೂ ಟೇಬಲ್ ಸಾವೂ ಮೇಲಿನಿಂದ ಕೆಳಕ್ಕೆ ಕೊಯ್ಯುವವು. ಅಲ್ಲಿ ಚಂದದ ಮುಖ ಮೇಲಿರಬೇಕು. ಇದನ್ನು ತಿಳಿಯದೆ ಸರ್ಕ್ಯುಲರ್ ಸಾವನ್ನು ಚಂದದ ಮುಖದ ಮೇಲೇ ಓಡಿಸಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಗೆರೆಯ ಎರಡೂ ಬದಿಗೆ ಚಿತ್ರದ ಪದರ ಸಣ್ಣ ಸಣ್ಣ ಅರ್ಧಚಂದ್ರಗಳಾಗಿ ಎದ್ದುಹೋಗಿ, ಒಳಗಿನ ಕಂದು ಕಾಗದ ಹಲ್ಲು ಕಿರಿಯುತ್ತದೆ. ದೂರದಿಂದ ಕಾಣದು. ಆದರೆ ಬೆರಳಾಡಿಸಿದರೆ ಚುಚ್ಚುತ್ತದೆ, ಒರೆಸುವ ಬಟ್ಟೆಯ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಅಚ್ಚುಕಟ್ಟಾಗಿ ಮಾಸ್ಕಿಂಗ್ ಟೇಪು ಅಂಟಿಸಿದ್ದರೂ, ಟೇಪು ಕೀಳುವಾಗ ನಾಲ್ಕು ಚಂದ್ರರು ಅದರ ಜೊತೆಗೇ ಎದ್ದು ಬರುತ್ತಾರೆ.

ಇಷ್ಟನ್ನು ವಿಡಿಯೋ ಗುರುಗಳೂ ಹೇಳುತ್ತಾರೆ. ಅವರು ಬೇಗ ಬೇಗ ಹೇಳಿ ಮುಗಿಸುವುದು ಮುಂದಿನ ಮಾತನ್ನು: ಮಗುಚಿ ಹಾಕಿದ ಹಲಗೆಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕೋಡಿಂಗ್ ಪರೀಕ್ಷೆಯಲ್ಲಿ ‘ಬೈನರಿ ಟ್ರೀ’ ಎಂಬ ಲೆಕ್ಕದ ಮರವನ್ನೇ ತಿರುವುಮುರುವು ಮಾಡಿ ಕೆಲಸ ಗಿಟ್ಟಿಸಿದ ಮಹಾನುಭಾವ ಹನ್ನೆರಡಡಿ ಹಲಗೆಯ ಮುಂದೆ ಕಣ್ಣು ಕಣ್ಣು ಬಿಡುವುದು ಇಲ್ಲೇ. ಇಂಥ ಹೊತ್ತಿಗೆ ಸರಿಯಾಗಿ ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆಯವರು ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಾರೆ. ಬ್ಯಾಂಕಿನಿಂದ ನಿವೃತ್ತಿ, ಲೆಕ್ಕ ತಾಳೆ ನೋಡುವ ಚಟಕ್ಕೆ ನಿವೃತ್ತಿಯಿಲ್ಲ.

‘ಏನೋ, ಬೋರಲು ಹಾಕಿದ್ದೀಯ?’

‘ಹಾಗೇ ಹಾಕಬೇಕು ಅಪ್ಪ. ಇದರ ಹಲ್ಲು ಮೇಲಕ್ಕೆ ಕೊಯ್ಯತ್ತೆ.’

‘ಸರಿಯಪ್ಪ. ಸಿಂಕ್ ಎಲ್ಲಿ ಬರತ್ತೆ?’

‘ಕಿಟಕಿ ಕೆಳಗೆ. ಎಡಗೋಡೆಯಿಂದ ಮೂರಡಿಗೆ.’

‘ಈಗ ಗೆರೆ ಎಳೆದಿರೋದು?’

‘ಎಡಕ್ಕೇ. ಮೂರಡಿಗೆ. ಎರಡು ಸಲ ಅಳೆದಿದ್ದೀನಿ.’

ಸೊಸೆ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಾಳೆ. ‘ರೀ, ಹಾಗಾದ್ರೆ ಇನ್ಮೇಲೆ ನಾನು ಪಾತ್ರೆ ತೊಳೀಬೇಕಾದ್ದು ಫ್ರಿಜ್ಜಿನೊಳಗಾ?’

ಎರಡು ಸಲ ಅಳೆ, ಒಂದು ಸಲ ಕೊಯ್ಯಿ ಎಂದು ಅಲ್ಲಿಯ ಬಡಗಿಗಳು ಮಂತ್ರದಂತೆ ಜಪಿಸುತ್ತಾರೆ. ತಪ್ಪು ದಿಕ್ಕಿನಿಂದ ಎರಡು ಸಲ ಅಳೆದವನಿಗೆ ಸಿಗುವುದು ಇಮ್ಮಡಿ ಆತ್ಮವಿಶ್ವಾಸ. ಮಾವನವರ ಒಂದು ಪ್ರಶ್ನೆ, ಸೊಸೆಯ ಒಂದು ಕೊಂಕು, ಇವು ಯಾವ ಮಳಿಗೆಯ ಅಳತೆಪಟ್ಟಿಗಿಂತಲೂ ನಿಖರ. ಆದರೂ ವಿಡಿಯೋದಲ್ಲಿ ಅವರಿಬ್ಬರಿಗೂ ಪಾತ್ರವಿಲ್ಲ.

ಅಳತೆಪಟ್ಟಿಯದೂ ಒಂದು ಕಿತಾಪತಿ. ಇಂಚು, ಅರ್ಧ, ಕಾಲು, ಅರೆಕಾಲು, ಅದರ ಅರ್ಧ. ಕಟ್ಟೆಯ ಅಗಲವೇ ಇಪ್ಪತ್ತೈದೂವರೆ ಇಂಚು. ಸೆಂಟಿಮೀಟರಿನಲ್ಲಿ ಕಲಿತು ರ‍್ಯಾಂಕ್ ಪಡೆದ ತಲೆ ‘ಹನ್ನೊಂದು ಬೈ ಹದಿನಾರು, ಅದರಲ್ಲಿ ಮೂರು ಬೈ ಎಂಟು ಕಳೆ’ ಎಂದು ಗೊಣಗುತ್ತಾ ಫೋನಿನ ಕ್ಯಾಲ್ಕುಲೇಟರ್ ತೆಗೆಯುತ್ತದೆ. ಊರಿನಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಡಿ ಇಂಚಿನಲ್ಲೇ ಲೆಕ್ಕ ಮುಗಿಸುವ ಬಡಗಿಯನ್ನು ‘ಓದಿಲ್ಲ ಪಾಪ’ ಎಂದದ್ದು ಇದೇ ತಲೆ. ಇನ್ನು ಬ್ಲೇಡಿಗೂ ಒಂದು ದಪ್ಪವಿದೆ, ಕೊಯ್ದಷ್ಟು ಉದ್ದಕ್ಕೂ ಅದು ತನ್ನ ಪಾಲು ತಿನ್ನುತ್ತದೆ. ಬ್ಲೇಡು ಗೆರೆಯ ಆಚೆ, ಬಿಸಾಡುವ ತುಂಡಿನ ಕಡೆ ಇರಬೇಕು. ಗೆರೆಯ ಈಚೆ ಬಂದರೆ ಕಟ್ಟೆಯೇ ಗಿಡ್ಡ. ಉದ್ದವಾದ ಹಲಗೆಯನ್ನು ಕುಗ್ಗಿಸುವುದಕ್ಕೆ ಸ್ಯಾಂಡರ್ ಇದೆ. ಗಿಡ್ಡವಾದದ್ದನ್ನು ಹಿಗ್ಗಿಸುವ ಯಂತ್ರವನ್ನು ಯಾವ ಮಳಿಗೆಯೂ ಇನ್ನೂ ಮಾರುತ್ತಿಲ್ಲ. ಮಾರಿದ ದಿನ ನಮ್ಮವರು ಬಾಗಿಲ ಮುಂದೆ ಸಾಲುಗಟ್ಟುತ್ತಾರೆ.

ಗೋಡೆ ಮೂಲೆಯಲ್ಲಿ ಲಂಬಕೋನವಾಗಿದೆಯೇ ಎಂದು ಕೇಳಬೇಡಿ. ಯಾವ ದೇಶದ ಗೋಡೆಯೂ ಹಾಗಿರುವುದಿಲ್ಲ.

ಕೊನೆಯ ಎರಡಿಂಚಿನ ಹತ್ತಿರ ಕೆಲಸದ ಗತ್ತೇ ಬೇರೆ. ಅಲ್ಲಿಯವರೆಗೆ ಸುಸೂತ್ರವಾಗಿ ಬಂದ ಗರಗಸ ತುದಿ ಮುಟ್ಟುವ ಹೊತ್ತಿಗೆ, ಆಸರೆಯಿಲ್ಲದೆ ಜೋತಾಡುವ ತುಂಡು ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ. ಬೀಳುವಾಗ ಒಳ್ಳೆಯ ಕಡೆಯಿಂದಲೂ ಒಂದು ಚೂರು ಲ್ಯಾಮಿನೇಟ್ ಕಿತ್ತುಕೊಂಡೇ ಬೀಳುತ್ತದೆ. ಕಸಕ್ಕೆ ಹೋಗುವ ತುಂಡಿಗೂ ಕೆಳಗೆ ಆಸರೆ ಕೊಡಬೇಕು ಎನ್ನುವುದು ಬಡಗಿಯ ಮೊದಲ ಪಾಠ. ಕಸಕ್ಕೆ ಹೋಗುವುದರ ಬಗ್ಗೆ ಅಷ್ಟು ಕಾಳಜಿ ಯಾಕೆ ಎನ್ನುವುದು ಗೃಹಸ್ಥನ ಕೊನೆಯ ಪ್ರಶ್ನೆ. ಸಿಂಕಿನ ತೂತಿನಲ್ಲೂ ಇದೇ ಕತೆ. ನಾಲ್ಕು ಮೂಲೆಯಲ್ಲಿ ಮೊದಲು ಡ್ರಿಲ್ಲಿನಿಂದ ದುಂಡನೆಯ ರಂಧ್ರ ಕೊರೆದು, ಆ ರಂಧ್ರಗಳ ನಡುವೆ ಕೊಯ್ಯಬೇಕು. ಮೂಲೆ ದುಂಡಗಿದ್ದರೆ ಬಿರುಕು ಹುಟ್ಟುವುದಿಲ್ಲ. ನಮ್ಮವನಿಗೆ ದುಂಡು ಮೂಲೆ ಅಂದರೆ ಅಚ್ಚುಕಟ್ಟಿಲ್ಲ ಎಂದರ್ಥ. ಸ್ಲೈಡಿನಲ್ಲಿ ಬರೆದ ಚೌಕದಂತೆ ಚೂಪಾಗಿ ಕೊಯ್ದು, ಫೋಟೋ ತೆಗೆದು, ಗುಂಪಿಗೆ ಕಳಿಸಿ, ಹೊಗಳಿಕೆ ಪಡೆಯುತ್ತಾನೆ. ಬಿರುಕು ಆ ಮೂಲೆಯಿಂದ ಹೊರಡುವುದು ಆಮೇಲೆ, ನಿಧಾನಕ್ಕೆ. ಬಿರುಕಿನ ಫೋಟೋವನ್ನು ಯಾರೂ ಗುಂಪಿಗೆ ಕಳಿಸುವುದಿಲ್ಲ.

ಕೊಯ್ದ ಅಂಚಿಗೆ ಬಣ್ಣವೋ ವಾರ್ನಿಷ್ಷೋ ಸಿಲಿಕೋನೋ ಹಚ್ಚಿ ನೀರು ಇಳಿಯದಂತೆ ಮುಚ್ಚಬೇಕು. ಇದನ್ನು ಬಿಡುವವರೇ ಹೆಚ್ಚು, ಯಾಕೆಂದರೆ ಇದು ಸಿಂಕಿನ ಅಂಚಿನಡಿ ಅಡಗುತ್ತದೆ, ಹೊಗಳುವವರಿಗೆ ಕಾಣುವುದಿಲ್ಲ. ಆದರೆ ನೀರಿಗೆ ಕಾಣುತ್ತದೆ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ನೀರು ತಾಗಿದರೆ ಅವಲಕ್ಕಿ ನೆನೆದಂತೆ ಉಬ್ಬುತ್ತದೆ, ಮತ್ತೆ ಒಣಗಿದರೂ ಇಳಿಯುವುದಿಲ್ಲ. ಡಿಶ್‌ವಾಷರಿನ ಬಾಗಿಲ ಮೇಲೆ ಕಟ್ಟೆ ಮೆಲ್ಲಗೆ ಬೆನ್ನು ಎತ್ತಿದಾಗ ಗೃಹಸ್ಥ ಹೇಳುವುದು ಒಂದೇ ಮಾತು: ‘ಈಗಿನ ಮೆಟೀರಿಯಲ್ಲೇ ಸರಿಯಿಲ್ಲ.’

ಆದರೂ ಕೆಲಸ ಮುಗಿಯುತ್ತದೆ. ತುದಿಗೆ ಅಂಟಿಸುವ ಪಟ್ಟಿಯ ಬೆನ್ನಿಗೆ ಅಂಟು ಮೊದಲೇ ಇರುತ್ತದೆ, ಇಸ್ತ್ರಿಪೆಟ್ಟಿಗೆ ಒತ್ತಿದರೆ ಕರಗಿ ಹಿಡಿಯುತ್ತದೆ. ಊರಿನಲ್ಲಿ ತನ್ನ ಅಂಗಿಯ ಮೇಲೂ ಇಸ್ತ್ರಿಪೆಟ್ಟಿಗೆ ಆಡಿಸದವನು ಇಲ್ಲಿ ಅಡುಗೆ ಕಟ್ಟೆಗೆ ಇಸ್ತ್ರಿ ಹಾಕುತ್ತಾನೆ. ಉಳಿದ ಸಂದುಗೊಂದುಗಳಿಗೆ ಸಿಲಿಕೋನ್. ಈ ಟ್ಯೂಬೊಂದು ಇಲ್ಲದಿದ್ದರೆ ಅಮೆರಿಕದ ಅರ್ಧ ಗೃಹಸ್ಥರು ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಚಿಪ್ಪೆದ್ದ ಜಾಗದ ಮೇಲೆ ಟೋಸ್ಟರ್, ಬಿರುಕಿನ ಮೇಲೆ ಪಾತ್ರೆ ಒಣಗಿಸುವ ಸ್ಟ್ಯಾಂಡು, ಗೋಡೆ ಮತ್ತು ಕಟ್ಟೆಯ ನಡುವಿನ ಕಂದಕದ ಮುಂದೆ ಕಾಫಿ ಯಂತ್ರ. ಸಾಮಾನು ಎಲ್ಲಿಡಬೇಕು ಎಂಬುದನ್ನು ಆ ಮನೆಯಲ್ಲಿ ಗೃಹಿಣಿ ತೀರ್ಮಾನಿಸುವುದಿಲ್ಲ, ತಪ್ಪುಗಳು ತೀರ್ಮಾನಿಸುತ್ತವೆ.

ಯುಗಾದಿಗೆ ಕನ್ನಡ ಕೂಟದ ನಾಲ್ಕು ಸಂಸಾರ ಊಟಕ್ಕೆ ಬರುತ್ತವೆ. ಗಂಡಸರನ್ನೆಲ್ಲ ಅಡುಗೆಮನೆಗೆ ಕರೆದೊಯ್ದು ಜೋಡಣೆಯ ಮೇಲೆ ಕೈಯಾಡಿಸಲು ಹೇಳುತ್ತಾನೆ. ‘ನೋಡಿ, ಜಾಯಿಂಟೇ ಗೊತ್ತಾಗಲ್ಲ.’ ಅವರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಒಬ್ಬಟ್ಟಿನ ಡಬ್ಬಿ ಇಟ್ಟಿದೆ. ‘ಎಷ್ಟಾಯ್ತು?’ ಎನ್ನುತ್ತಾರೆ. ಹಲಗೆಯ ಬೆಲೆಯಷ್ಟನ್ನೇ ಹೇಳುತ್ತಾನೆ. ಹಾಳಾದ ಮೊದಲ ಹಲಗೆ, ಗರಗಸ, ಬ್ಲೇಡು, ಸ್ಯಾಂಡರ್, ಕೈಗೆ ಹಾಕಿಸಿದ ಹೊಲಿಗೆ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಅವತ್ತೇ ರಾತ್ರಿ ಇನ್ನೂ ಮೂರು ಮಂದಿ ಗರಗಸದ ರೇಟು ಹುಡುಕುತ್ತಾರೆ.

ಕಟ್ಟೆಗೆ ನಿಜವಾದ ಪರೀಕ್ಷೆ ನಡೆಸಿದವರು ತಂದೆಯವರ ಜೊತೆ ಬಂದಿದ್ದ ತಾಯಿ. ಜೀವಮಾನವಿಡೀ ಮಾಡಿದಂತೆ, ಕೂಗಿದ ಕುಕ್ಕರನ್ನು ಒಲೆಯಿಂದ ಇಳಿಸಿ ನೇರ ಕಟ್ಟೆಯ ಮೇಲಿಟ್ಟರು. ಅದು ಕಲ್ಲೆಂದು ಆಕೆ ನಂಬಿದ್ದರು, ಕುಕ್ಕರ್ ನಂಬಲಿಲ್ಲ. ಗುಂಡನೆಯ ಗುರುತು ಎದ್ದಿತು. ಮಗ ಒಂದು ವಾರ ಅಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಡಿಸೆಂಬರ್ ರಜೆಗೆ ನಮ್ಮ ವಿಶ್ವಕರ್ಮ ಬೆಂಗಳೂರಿಗೆ ಬಂದಾಗ ಅಕ್ಕನ ಮನೆಯಲ್ಲಿ ವಾರ್ಡ್‌ರೋಬಿನ ಕೆಲಸ ನಡೆಯುತ್ತಿತ್ತು. ಹಾಲಿನ ನೆಲದ ಮೇಲೆ ಎಂಟು ಅಡಿ ನಾಲ್ಕಡಿಯ ಮೈಕಾ ಹಾಳೆ ಹಾಸಿ, ಪಕ್ಕದಲ್ಲಿ ಫೆವಿಕಾಲ್ ಡಬ್ಬಿ ಇಟ್ಟುಕೊಂಡು ಕಾರ್ಪೆಂಟರ್ ಕುಕ್ಕರಗಾಲಲ್ಲಿ ಕೂತಿದ್ದ. ವಿಶ್ವಕರ್ಮರು ಕೈಕಟ್ಟಿ ನಿಂತು ಪಾಠ ಶುರು ಮಾಡಿದರು. ಯಾವ ಗರಗಸದ ಹಲ್ಲು ಯಾವ ಕಡೆ ಕೊಯ್ಯುತ್ತದೆ, ಅರವತ್ತು ಹಲ್ಲಿನ ಬ್ಲೇಡು ಯಾಕೆ ಬೇಕು, ಟೇಪು ಹೇಗೆ ಅಂಟಿಸಬೇಕು, ಅಮೆರಿಕದಲ್ಲಿ ಸೇಫ್ಟಿಗೆ ಎಷ್ಟು ಬೆಲೆ. ಕಾರ್ಪೆಂಟರ್ ನಡುನಡುವೆ ‘ಹೌದಾ ಸಾರ್’ ಎನ್ನುತ್ತಾ, ಅಲ್ಯೂಮಿನಿಯಂ ಪಟ್ಟಿಯನ್ನು ಹಾಳೆಯ ಮೇಲಿಟ್ಟು ಮೊಣಕಾಲಿನಿಂದ ಒತ್ತಿ ಹಿಡಿದ. ಕೊಕ್ಕೆ ಮೂತಿಯ ಕಟರಿನಿಂದ ಎರಡು ಸಲ ಗೀರಿದ. ಎದ್ದು ನಿಂತು ಹಾಳೆಯ ಒಂದು ಬದಿ ಹಿಡಿದು ಎತ್ತಿದ. ಪಟ್ ಎಂದಿತು. ಅಂಚು ಉದ್ದಕ್ಕೂ ನೇರ, ಒಂದು ಚಿಪ್ಪೂ ಎದ್ದಿರಲಿಲ್ಲ. ಅರದಿಂದ ಒಮ್ಮೆ ಸವರಿ ತುಂಡನ್ನು ಗೋಡೆಗೊರಗಿಸಿ ಮುಂದಿನ ಅಳತೆಗೆ ಕೂತ.

ವಿಶ್ವಕರ್ಮರು ಆ ಅಂಚಿನ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಆಮೇಲೆ ಒಳಗೆ ಹೋಗಿ, ದನಿ ತಗ್ಗಿಸಿ ಭಾವನನ್ನು ಕೇಳಿದರು:

‘ಕಟ್ ಮಾಡೋಕೆ ಅವನಿಗೆ ಅರ್ಧ ನಿಮಿಷಾನೂ ಹಿಡೀಲಿಲ್ಲ ಭಾವ. ಇದಕ್ಕೆ ದಿನದ ಕೂಲಿ ಪೂರ್ತಿ ಯಾಕೆ ಕೊಡ್ತಿದ್ದೀರಿ?’